ಎಳೆಯ ನಕ್ಷತ್ರದ ಮೇಲೆ ಸುರಿಯುವ ಅನಿಲ



ನಕ್ಷತ್ರ ಹುಟ್ಟುವ ಬಗೆಯನ್ನು ನಮ್ಮ ಪಠ್ಯಪುಸ್ತಕಗಳು ಎರಡು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತವೆ. ಅನಿಲ ಮತ್ತು ಧೂಳಿನ ಮೋಡವೊಂದು ತನ್ನದೇ ಗುರುತ್ವದಿಂದ ಕುಸಿಯುತ್ತದೆ, ನಡುಭಾಗ ಬಿಸಿಯೇರುತ್ತದೆ, ಒಂದು ಹಂತದಲ್ಲಿ ಹೈಡ್ರೋಜನ್ ಸಮ್ಮಿಲನ ಶುರುವಾಗಿ ನಕ್ಷತ್ರ ನೆಲೆಗೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೋಡದಿಂದ ಹೊರಟ ಅನಿಲ ನಕ್ಷತ್ರದ ಮೈ ಮುಟ್ಟುವ ಮುಂಚಿನ ಕೊನೆಯ ಐವತ್ತು ಅರವತ್ತು ಲಕ್ಷ ಕಿಲೋಮೀಟರುಗಳ ಹಾದಿಯ ಸುದ್ದಿ ಆ ವಾಕ್ಯಗಳಲ್ಲಿ ಬರುವುದೇ ಇಲ್ಲ. ಆ ಹಾದಿಯನ್ನು ಅನಿಲ ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಸುತ್ತದೆ. ಹೊರಡುವಾಗ ಸಾವಿರ, ಎರಡು ಸಾವಿರ ಕೆಲ್ವಿನ್ ಇದ್ದ ಅದರ ಉಷ್ಣತೆ ಮುಟ್ಟುವ ಹೊತ್ತಿಗೆ ಹತ್ತಾರು ಲಕ್ಷ ಕೆಲ್ವಿನ್ ಆಗಿರುತ್ತದೆ. ಇವತ್ತಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಆ ಒಂದು ದಿನದ ಭೌತವಿಜ್ಞಾನವನ್ನು.

ಹೇಳಬೇಕೆಂದಿರುವ ಮಾತನ್ನು ಮೊದಲೇ ಇಟ್ಟುಬಿಡುತ್ತೇನೆ. ಎಳೆಯ ನಕ್ಷತ್ರದ ಮೇಲೆ ಅನಿಲ ಬೀಳುವುದು ಗುರುತ್ವದ ಸೆಳೆತದಿಂದಲೇ. ಆದರೆ ಅದು ಎಲ್ಲಿ ಬೀಳಬೇಕು, ಯಾವ ವೇಗದಲ್ಲಿ, ಯಾವ ಸ್ಥಿತಿಯಲ್ಲಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ನಕ್ಷತ್ರದ ಕಾಂತಕ್ಷೇತ್ರ. ಬೀಳುವ ಅನಿಲದ ಉಷ್ಣತೆ, ಸಾಂದ್ರತೆ, ಅದರಲ್ಲಿರುವ ಧಾತುಗಳನ್ನು ಅಳೆದರೆ ನಕ್ಷತ್ರ ಎಷ್ಟು ಬೆಳೆಯುತ್ತಿದೆ ಎನ್ನುವುದರ ಜೊತೆಗೆ, ಗ್ರಹಗಳ ಪಾಲಿಗೆ ಏನು ಉಳಿಯುತ್ತಿದೆ ಎನ್ನುವುದೂ ತಿಳಿಯುತ್ತದೆ. ನಮ್ಮ ಭೂಮಿಯ ಕಲ್ಲು, ಕಬ್ಬಿಣ ಎಲ್ಲಿಂದ ಬಂತು ಎಂದು ಕೇಳುವವರು ಈ ಲೆಕ್ಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮೊದಲು ಅನಿಲ ಎಲ್ಲಿಂದ ಬರುತ್ತದೆ ನೋಡೋಣ. ನಕ್ಷತ್ರಗಳು ಹುಟ್ಟುವ ಮೋಡಗಳ ಉಷ್ಣತೆ ಸುಮಾರು 10 ಕೆಲ್ವಿನ್, ಅಂದರೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವು ಸಾವಿರದಿಂದ ಕೆಲವು ಲಕ್ಷ ಅಣುಗಳಷ್ಟೇ ಇರುತ್ತವೆ. ಇಂಥ ಮೋಡಕ್ಕೆ ತುಸುವಾದರೂ ತಿರುಗುವ ಚಲನೆ ಇದ್ದೇ ಇರುತ್ತದೆ. ಕುಸಿಯುತ್ತ ಬಂದಂತೆ ಆ ತಿರುಗುವಿಕೆ ಜೋರಾಗುತ್ತದೆ. ಕೋನೀಯ ಸಂವೇಗ ಎಲ್ಲಿಗೂ ಕರಗಿ ಹೋಗುವುದಿಲ್ಲವಾದ್ದರಿಂದ ಹೆಚ್ಚಿನ ಅನಿಲಕ್ಕೆ ನೇರವಾಗಿ ನಡುವಿಗೆ ಬೀಳಲು ಸಾಧ್ಯವೇ ಇಲ್ಲ. ಅದು ಎಳೆಯ ನಕ್ಷತ್ರದ ಸುತ್ತ ಒಂದು ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಈ ತಟ್ಟೆಯೊಳಗೆ ಅನಿಲ ಲಕ್ಷಾಂತರ ವರ್ಷಗಳ ಕಾಲ ಸುತ್ತುತ್ತ, ತನ್ನ ಸಂವೇಗವನ್ನು ಹೊರಗಿನ ಅನಿಲಕ್ಕೋ ತಟ್ಟೆಯಿಂದ ಮೇಲೇಳುವ ಗಾಳಿಗೋ ಒಪ್ಪಿಸುತ್ತ, ನಿಧಾನವಾಗಿ ಒಳಕ್ಕೆ ಸರಿಯುತ್ತದೆ. ಸೂರ್ಯ–ಭೂಮಿಯ ನಡುವಿನಷ್ಟು ದೂರದಲ್ಲಿ ಅದರ ಉಷ್ಣತೆ ಕೆಲವು ನೂರು ಕೆಲ್ವಿನ್. ಇನ್ನೂ ಒಳಗೆ ಸುಮಾರು 1,500 ಕೆಲ್ವಿನ್ ಮುಟ್ಟಿದಾಗ ಧೂಳಿನ ಕಣಗಳು ಆವಿಯಾಗುತ್ತವೆ. ಅಲ್ಲಿಂದ ಮುಂದೆ ಇರುವುದು ಬರಿಯ ಅನಿಲ.

ಇದೆಲ್ಲ ತಿಳಿಯುವುದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 1852ರಲ್ಲಿ ಲಂಡನ್ನಿನ ಜಾನ್ ರಸೆಲ್ ಹೈಂಡ್, ವೃಷಭ ರಾಶಿಯಲ್ಲಿ, ಆಕಾಶದಲ್ಲಿ ರೋಹಿಣಿಗೆ ಹೆಚ್ಚು ದೂರವಲ್ಲದ ಜಾಗದಲ್ಲಿ, ಒಂದು ಮಂಕು ನಕ್ಷತ್ರವನ್ನೂ ಅದರ ಪಕ್ಕದ ನೀಹಾರಿಕೆಯನ್ನೂ ಗುರುತಿಸಿದ. ಆ ನಕ್ಷತ್ರಕ್ಕೆ ಟಿ ಟೌರಿ ಎಂದು ಹೆಸರಾಯಿತು. ಅದರ ಬೆಳಕು ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿತ್ತು. 1945ರಲ್ಲಿ ಆಲ್‌ಫ್ರೆಡ್ ಜಾಯ್ ಇಂಥ ಹನ್ನೊಂದು ನಕ್ಷತ್ರಗಳನ್ನು ಒಟ್ಟುಗೂಡಿಸಿ ಒಂದು ಹೊಸ ವರ್ಗವನ್ನೇ ಮಾಡಿದರು. ಅವುಗಳ ರೋಹಿತದಲ್ಲಿ ಹೈಡ್ರೋಜನ್ ಮತ್ತು ಕ್ಯಾಲ್ಸಿಯಂ ರೇಖೆಗಳು ಕಪ್ಪಾಗಿ ಕಾಣುವ ಬದಲು ಪ್ರಖರವಾಗಿ ಹೊಳೆಯುತ್ತಿದ್ದವು. ಇವು ಹೊಸದಾಗಿ ಹುಟ್ಟಿದ ನಕ್ಷತ್ರಗಳೆಂದು ಆ ದಶಕದ ಕೊನೆಯ ವರ್ಷಗಳಲ್ಲಿ ಗಟ್ಟಿಯಾಗಿ ವಾದಿಸಿದವರು ಅರ್ಮೇನಿಯಾದ ವಿಕ್ಟರ್ ಅಂಬಾರ್ತ್ಸುಮಿಯನ್. ನಕ್ಷತ್ರಗಳೆಲ್ಲ ಒಂದೇ ಕಾಲದಲ್ಲಿ ಹುಟ್ಟಿ ಮುಗಿದಿವೆ ಎಂಬ ನಂಬಿಕೆ ಇನ್ನೂ ಬಿಡದಿದ್ದ ದಿನಗಳವು. ಇವತ್ತೂ ಹುಟ್ಟುತ್ತಿವೆ ಎನ್ನಲು ಧೈರ್ಯ ಬೇಕಿತ್ತು.

ಹೊಳೆಯುವ ರೇಖೆಗಳಿಗೆ, ಹೆಚ್ಚುವರಿ ನೇರಳಾತೀತ ಬೆಳಕಿಗೆ ಶಕ್ತಿ ಎಲ್ಲಿಂದ? 1974ರಲ್ಲಿ ಡೊನಾಲ್ಡ್ ಲಿಂಡನ್-ಬೆಲ್ ಮತ್ತು ಜಿಮ್ ಪ್ರಿಂಗಲ್ ತಟ್ಟೆಯ ಸಿದ್ಧಾಂತವನ್ನು ಮುಂದಿಟ್ಟರು. ಅದರಂತೆ ತಟ್ಟೆ ನಕ್ಷತ್ರದ ಮೈವರೆಗೂ ಬಂದು ತಾಗುತ್ತದೆ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ವೇಗದಲ್ಲಿ ಸುತ್ತುತ್ತಿದ್ದ ಅನಿಲ, ನಿಧಾನವಾಗಿ ತಿರುಗುವ ನಕ್ಷತ್ರಕ್ಕೆ ಉಜ್ಜಿ, ಸಮಭಾಜಕದ ಸುತ್ತ ಒಂದು ತೆಳು ಪಟ್ಟಿಯಲ್ಲಿ ವೇಗವನ್ನೆಲ್ಲ ಕಳೆದುಕೊಂಡು ಬಿಸಿಯಾಗುತ್ತದೆ. ಸೊಗಸಾದ ಸಿದ್ಧಾಂತ. ಹತ್ತು ಹದಿನೈದು ವರ್ಷ ಇದೇ ಚಿತ್ರ ನಡೆಯಿತು.

ಅದನ್ನು ಅಲುಗಾಡಿಸಿದ್ದು ಎರಡು ಸಂಗತಿಗಳು. ಒಂದು, ಈ ನಕ್ಷತ್ರಗಳ ತಿರುಗುವಿಕೆ. ತಟ್ಟೆಯಿಂದ ಇಷ್ಟೊಂದು ಸಂವೇಗ ಹೊತ್ತ ಅನಿಲವನ್ನು ನುಂಗುತ್ತ, ತಾವೂ ಕುಗ್ಗುತ್ತಿರುವ ನಕ್ಷತ್ರಗಳು ಸಿಡಿದು ಚೂರಾಗುವ ವೇಗಕ್ಕೆ ಹತ್ತಿರ ಇರಬೇಕಿತ್ತು. ಅಳೆದು ನೋಡಿದರೆ ಅದರ ಹತ್ತನೇ ಒಂದು ಭಾಗದಷ್ಟೇ ವೇಗ. ಒಂದು ಸುತ್ತಿಗೆ ವಾರದ ಆಸುಪಾಸು. ಯಾವುದೋ ಒಂದು ಬಲ ಅವನ್ನು ತಡೆದು ಹಿಡಿದಿತ್ತು. ಎರಡನೆಯದು ರೋಹಿತದಲ್ಲೇ ಸಿಕ್ಕಿತು. 1972ರಲ್ಲಿ ಮೆರ್ಲ್ ವಾಕರ್ ಕೆಲವು ಎಳೆಯ ನಕ್ಷತ್ರಗಳಲ್ಲಿ ಹೊಳೆಯುವ ಹೈಡ್ರೋಜನ್ ರೇಖೆಯ ಕೆಂಪು ಅಂಚಿನಲ್ಲಿ ಒಂದು ಕಪ್ಪು ತಗ್ಗನ್ನು ಗುರುತಿಸಿದ್ದರು. ಕೆಂಪಿನ ಕಡೆ ಸರಿದಿದೆ ಎಂದರೆ ಅನಿಲ ನಮ್ಮಿಂದ ದೂರಕ್ಕೆ, ಅಂದರೆ ನಕ್ಷತ್ರದ ಕಡೆಗೆ ಧಾವಿಸುತ್ತಿದೆ. ಮುಂದೆ ಹೆಚ್ಚು ನಕ್ಷತ್ರಗಳಲ್ಲಿ ಇದನ್ನು ಅಳೆದಾಗ ವೇಗ ಸೆಕೆಂಡಿಗೆ 200ರಿಂದ 300 ಕಿಲೋಮೀಟರು ಬಂತು. ತಟ್ಟೆಯೊಳಗೆ ಸುತ್ತುತ್ತ ಮೆಲ್ಲಗೆ ಒಳಸರಿಯುವ ಅನಿಲಕ್ಕೆ ಇಂಥ ಬೀಳುವ ವೇಗ ಇರಲಾರದು. ದೂರದಿಂದ ಯಾವ ತಡೆಯೂ ಇಲ್ಲದೆ ನೆಟ್ಟಗೆ ಬೀಳುವ ಅನಿಲಕ್ಕೆ ಮಾತ್ರ ಈ ವೇಗ ಬರುತ್ತದೆ.

ಉತ್ತರ ನ್ಯೂಟ್ರಾನ್ ನಕ್ಷತ್ರಗಳ ಅಧ್ಯಯನದಿಂದ ಬಂತು. ಅವುಗಳ ಪ್ರಬಲ ಕಾಂತಕ್ಷೇತ್ರ ಸುತ್ತಲಿನ ತಟ್ಟೆಯನ್ನು ದೂರದಲ್ಲೇ ತಡೆದು ನಿಲ್ಲಿಸುತ್ತದೆ ಎಂದು 1970ರ ದಶಕದಲ್ಲಿ ಲೆಕ್ಕ ಹಾಕಿದ್ದರು. ಅದೇ ಭೌತವಿಜ್ಞಾನವನ್ನು 1991ರಲ್ಲಿ ಆರಿಯೆ ಕ್ಯೋನಿಗ್ಲ್ ಟಿ ಟೌರಿ ನಕ್ಷತ್ರಗಳಿಗೆ ಅನ್ವಯಿಸಿದರು. ಮೇಲ್ಮೈಯಲ್ಲಿ ಸಾವಿರ ಗಾಸ್ ಮಟ್ಟದ ಕಾಂತಕ್ಷೇತ್ರ ಇದ್ದರೆ ಸಾಕು, ತಟ್ಟೆ ನಕ್ಷತ್ರದ ತ್ರಿಜ್ಯದ ಸುಮಾರು ಐದು ಪಟ್ಟು ದೂರದಲ್ಲಿ ನಿಂತುಬಿಡುತ್ತದೆ. ಭೂಮಿಯ ಮೇಲ್ಮೈಯಲ್ಲಿ ಕಾಂತಕ್ಷೇತ್ರ ಅರ್ಧ ಗಾಸ್ ಆಸುಪಾಸು ಎಂಬುದನ್ನು ನೆನಪಿಡಿ. ಎಳೆಯ ನಕ್ಷತ್ರಗಳಲ್ಲಿ ನಿಜಕ್ಕೂ ಅಷ್ಟು ಪ್ರಬಲ ಕ್ಷೇತ್ರ ಇದೆಯೇ ಎಂಬುದಕ್ಕೆ ಅವಕೆಂಪು ರೋಹಿತದಲ್ಲಿ ಝೀಮನ್ ಪರಿಣಾಮದ ಅಳತೆಗಳು ಉತ್ತರ ಕೊಟ್ಟವು: ಎರಡು, ಮೂರು ಸಾವಿರ ಗಾಸ್.

ಇಲ್ಲಿ ನಮ್ಮ ಬಯಲುಸೀಮೆಯ ಕೆರೆಯನ್ನು ನೆನೆದರೆ ಚಿತ್ರ ಸ್ಪಷ್ಟವಾಗುತ್ತದೆ. ನೀರು ಏರಿಯನ್ನು ಹಾರಿ ಗದ್ದೆಗೆ ಬರುವುದಿಲ್ಲ. ಏರಿ ಅದನ್ನು ತಡೆದು ನಿಲ್ಲಿಸುತ್ತದೆ, ತೂಬಿನ ಮೂಲಕ ಮಾತ್ರ ಅದು ಕಾಲುವೆಗೆ ಇಳಿಯುತ್ತದೆ. ತಟ್ಟೆಯ ಅನಿಲವೂ ಹಾಗೆಯೇ ಕಾಂತಕ್ಷೇತ್ರಕ್ಕೆ ತಡೆದು ನಿಂತು, ಕ್ಷೇತ್ರದ ಬಾಗಿದ ಬಲರೇಖೆಗಳನ್ನು ಹಿಡಿದು ತಟ್ಟೆಯ ಸಮತಲದಿಂದ ಮೇಲೆದ್ದು, ನಕ್ಷತ್ರದ ಧ್ರುವಗಳ ಕಡೆಯ ಒಂದೆರಡು ಸಣ್ಣ ಜಾಗಗಳಿಗೆ ಸುರಿಯುತ್ತದೆ. ತಟ್ಟೆಯನ್ನೂ ನಕ್ಷತ್ರವನ್ನೂ ಇದೇ ಬಲರೇಖೆಗಳು ಕಟ್ಟಿಹಾಕುವುದರಿಂದ ನಕ್ಷತ್ರದ ತಿರುಗುವಿಕೆಗೂ ಕಡಿವಾಣ ಬೀಳುತ್ತದೆ.

ಈಗ ಅಂಕಿಗಳಿಗೆ ಬರೋಣ. ಸೂರ್ಯನ ಅರ್ಧದಷ್ಟು ದ್ರವ್ಯರಾಶಿ, ಎರಡು ಪಟ್ಟು ತ್ರಿಜ್ಯ ಇರುವ ಒಂದು ಸಾಮಾನ್ಯ ಟಿ ಟೌರಿ ನಕ್ಷತ್ರವನ್ನು ತೆಗೆದುಕೊಳ್ಳಿ. ಐದು ತ್ರಿಜ್ಯದಷ್ಟು ದೂರದಿಂದ ನಿಶ್ಚಲ ಸ್ಥಿತಿಯಲ್ಲಿ ಹೊರಟ ಅನಿಲ ಮೈ ಮುಟ್ಟುವುದಕ್ಕೆ ಸುಮಾರು 21 ಗಂಟೆ ಹಿಡಿಯುತ್ತದೆ. ಮುಟ್ಟುವಾಗ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 280 ಕಿಲೋಮೀಟರು. ಈ ವೇಗದಲ್ಲಿ ಬರುವ ಒಂದು ಕಿಲೋಗ್ರಾಂ ಅನಿಲದಲ್ಲಿ ಸುಮಾರು ಹತ್ತು ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ ಇರುತ್ತದೆ. ಬೀಳುವ ಪ್ರಮಾಣ ವರ್ಷಕ್ಕೆ ಸೂರ್ಯನ ದ್ರವ್ಯರಾಶಿಯ ಹತ್ತು ಕೋಟಿಯಲ್ಲಿ ಒಂದು ಭಾಗ. ಕೇಳುವುದಕ್ಕೆ ಅತ್ಯಲ್ಪ. ಲೆಕ್ಕ ಹಾಕಿದರೆ ಸೆಕೆಂಡಿಗೆ 60,000 ಕೋಟಿ ಟನ್ನಿಗೂ ಹೆಚ್ಚು. ನಾಲ್ಕು ವರ್ಷ ತುಂಬುವ ಮೊದಲೇ ನಮ್ಮ ಚಂದ್ರನಷ್ಟು ದ್ರವ್ಯ ನಕ್ಷತ್ರಕ್ಕೆ ಸೇರಿರುತ್ತದೆ.

ಇಷ್ಟೆಲ್ಲ ಸುರಿದರೂ ಆ ಅನಿಲಧಾರೆ ನಂಬಲಾಗದಷ್ಟು ತೆಳು. ಅದು ಬೀಳುವ ಜಾಗ ನಕ್ಷತ್ರದ ಮೇಲ್ಮೈಯಲ್ಲಿ ಶೇಕಡಾ ಒಂದರಷ್ಟು ಎಂದಿಟ್ಟುಕೊಂಡರೆ, ತಳದ ಹತ್ತಿರ ಒಂದು ಘನ ಸೆಂಟಿಮೀಟರಿಗೆ ಕೆಲವು ಲಕ್ಷ ಕೋಟಿ ಪರಮಾಣುಗಳು ಬರುತ್ತವೆ. ಈ ಸಭಾಂಗಣದ ಗಾಳಿಯಲ್ಲಿ ಅದೇ ಒಂದು ಘನ ಸೆಂಟಿಮೀಟರಿನಲ್ಲಿ ಅದರ ಹತ್ತಾರು ಲಕ್ಷ ಪಟ್ಟು ಅಣುಗಳಿವೆ. ಪ್ರಯೋಗಶಾಲೆಯವರು ಇದನ್ನು ಒಳ್ಳೆಯ ನಿರ್ವಾತ ಎಂದೇ ಕರೆದಾರು.

ಬೀಳುತ್ತಿರುವಾಗ ಈ ಧಾರೆಯ ಉಷ್ಣತೆ ಎಷ್ಟು? ಇಲ್ಲಿ ನಮ್ಮ ದೇಶದ ಒಂದು ಹೆಸರು ತಾನಾಗಿ ಬರುತ್ತದೆ. 1920ರಲ್ಲಿ ಮೇಘನಾದ ಸಾಹಾ ಪ್ರಕಟಿಸಿದ ಅಯಾನೀಕರಣ ಸಮೀಕರಣ, ಉಷ್ಣತೆ ಮತ್ತು ಸಾಂದ್ರತೆ ಗೊತ್ತಿದ್ದರೆ ಅನಿಲದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡಿವೆ ಎಂದು ಹೇಳುತ್ತದೆ. ಘನ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಹೈಡ್ರೋಜನ್ ಪರಮಾಣುಗಳಿರುವ ಅನಿಲಕ್ಕೆ ಆ ಸಮೀಕರಣವನ್ನು ಹಾಕಿ ನೋಡಿ. 6,000 ಕೆಲ್ವಿನ್‌ನಲ್ಲಿ ಶೇಕಡಾ 6ರಷ್ಟು ಪರಮಾಣುಗಳು ಮಾತ್ರ ಅಯಾನಾಗಿರುತ್ತವೆ. 8,000ಕ್ಕೆ ಬಂದರೆ ಶೇಕಡಾ 85. 10,000ದಲ್ಲಿ ಬಹುತೇಕ ಎಲ್ಲವೂ. ನಾಲ್ಕು ಸಾವಿರ ಡಿಗ್ರಿಗಳ ಒಳಗೆ ಇಡೀ ಅನಿಲದ ಸ್ವಭಾವವೇ ಬದಲಾಗುತ್ತದೆ! ಬೀಳುವ ಅನಿಲದ ಮೇಲೆ ನಕ್ಷತ್ರದ ಬೆಳಕು ಬೀಳುತ್ತಿರುವುದರಿಂದ ಸಾಹಾ ಊಹಿಸಿದ ಉಷ್ಣ ಸಮತೋಲನ ಅಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಹಾಗಾಗಿ ಲೀ ಹಾರ್ಟ್‌ಮನ್, ನುರಿಯಾ ಕಾಲ್ವೆಟ್, ಜೇಮ್ಸ್ ಮುಜೆರೋಲ್ ಮೊದಲಾದವರು 1990ರ ದಶಕದಲ್ಲಿ ಒಂದೊಂದು ಶಕ್ತಿಮಟ್ಟಕ್ಕೂ ಬೇರೆಬೇರೆ ಲೆಕ್ಕ ಹಾಕಿದರು. ಹೈಡ್ರೋಜನ್ ರೇಖೆಗಳ ಅಗಲ, ಆಕಾರ, ಪ್ರಖರತೆ ಹೊಂದಬೇಕಾದರೆ ಧಾರೆಯ ಉಷ್ಣತೆ ಸ್ಥೂಲವಾಗಿ 6,000ದಿಂದ 10,000 ಕೆಲ್ವಿನ್ ಇರಬೇಕೆಂದು ಕಂಡಿತು. ಅನಿಲವನ್ನು ಅಷ್ಟು ಬಿಸಿಯಾಗಿ ಇಡುವುದು ಏನು ಎಂಬ ಪ್ರಶ್ನೆ ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ಬಲರೇಖೆಗಳು ಒತ್ತಟ್ಟಾಗುವಾಗ ಅನಿಲ ಹಿಸುಕಲ್ಪಟ್ಟು ಬಿಸಿಯಾಗುತ್ತದೆ ಎನ್ನುವವರಿದ್ದಾರೆ, ಕಾಂತಕ್ಷೇತ್ರದ ಅಲೆಗಳು ಕಾರಣ ಎನ್ನುವವರಿದ್ದಾರೆ. ಈ ವಿಷಯದಲ್ಲಿ ಕೆಲಸ ಮಾಡಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಕಾಣುವುದಿಲ್ಲ.

ಧಾರೆ ನಕ್ಷತ್ರದ ವಾತಾವರಣಕ್ಕೆ ಅಪ್ಪಳಿಸುವ ಜಾಗದಲ್ಲಿ ಆಘಾತ ತರಂಗ ಏಳುತ್ತದೆ. ಅನಿಲ ಶಬ್ದದ ವೇಗಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಬರುತ್ತಿರುವುದರಿಂದ ಮುಂದೆ ಅಡ್ಡಿ ಇದೆ ಎಂಬ ಸೂಚನೆ ಅದಕ್ಕೆ ತಲುಪುವುದೇ ಇಲ್ಲ. ಒಂದು ತೆಳು ಪದರದಲ್ಲಿ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಸಾಂದ್ರತೆ ನಾಲ್ಕು ಪಟ್ಟಾಗುತ್ತದೆ, ಕಳೆದುಹೋದ ವೇಗವೆಲ್ಲ ಶಾಖವಾಗುತ್ತದೆ. ಈ ಉಷ್ಣತೆ ವೇಗದ ವರ್ಗಕ್ಕೆ ಅನುಗುಣ. ಸೆಕೆಂಡಿಗೆ 300 ಕಿಲೋಮೀಟರು ವೇಗಕ್ಕೆ ಸುಮಾರು 12 ಲಕ್ಷ ಕೆಲ್ವಿನ್. 500 ಕಿಲೋಮೀಟರಿಗೆ 34 ಲಕ್ಷ. ಅಷ್ಟು ಬಿಸಿಯಾದ ಪ್ಲಾಸ್ಮಾ ಎಕ್ಸ್ ಕಿರಣಗಳನ್ನು ಸೂಸುತ್ತ ಕೆಲವೇ ಸೆಕೆಂಡುಗಳಲ್ಲಿ ತಣಿದು ಕೆಳಗೆ ಕೂರುತ್ತದೆ.

ಆದರೆ ಆ ಎಕ್ಸ್ ಕಿರಣಗಳು ಹೆಚ್ಚಾಗಿ ನಮ್ಮವರೆಗೆ ಬರುವುದಿಲ್ಲ. ಅರ್ಧ ಕೆಳಕ್ಕೆ ಹೋಗಿ ನಕ್ಷತ್ರದ ಮೈಯನ್ನು ಬಿಸಿಮಾಡುತ್ತವೆ, ಉಳಿದರ್ಧ ಮೇಲಕ್ಕೆ ಹೋಗಿ ಬೀಳುತ್ತಿರುವ ಧಾರೆಯನ್ನೇ ಬಿಸಿಮಾಡುತ್ತವೆ. ಎರಡೂ ಕಡೆ ಅವು ಹೀರಲ್ಪಟ್ಟು ನೇರಳಾತೀತ ಮತ್ತು ಕಣ್ಣಿಗೆ ಕಾಣುವ ಬೆಳಕಾಗಿ ಹೊರಬೀಳುತ್ತವೆ. 1998ರಲ್ಲಿ ಕಾಲ್ವೆಟ್ ಮತ್ತು ಎರಿಕ್ ಗುಲ್‌ಬ್ರಿಂಗ್ ಈ ಇಡೀ ಹಂದರವನ್ನು ಲೆಕ್ಕ ಹಾಕಿ ತೋರಿಸಿದರು. ನಕ್ಷತ್ರದ ಸಹಜ ಬೆಳಕಿನ ಮೇಲೆ ಈ ಹೆಚ್ಚುವರಿ ಬೆಳಕು ಎಷ್ಟಿದೆ ಎಂದು ಅಳೆದರೆ ಬೀಳುವ ಅನಿಲದ ಪ್ರಮಾಣ ಸಿಗುತ್ತದೆ. ಸೆಕೆಂಡಿಗೆ 60,000 ಕೋಟಿ ಟನ್ ಎಂದು ಆಗ ಹೇಳಿದೆನಲ್ಲ, ಅಂಥ ಅಂಕಿಗಳು ಬಂದದ್ದು ಈ ದಾರಿಯಲ್ಲಿ.

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಒಂದೇ ನಕ್ಷತ್ರದಲ್ಲಿ ಪರೀಕ್ಷಿಸಬಹುದು. ಅದರ ಹೆಸರು ಟಿಡಬ್ಲ್ಯು ಹೈಡ್ರೆ. ಹೈಡ್ರಾ ನಕ್ಷತ್ರಪುಂಜದಲ್ಲಿ ನಮ್ಮಿಂದ ಸುಮಾರು 196 ಜ್ಯೋತಿರ್ವರ್ಷ ದೂರದಲ್ಲಿರುವ ಇದು ಟಿ ಟೌರಿ ನಕ್ಷತ್ರಗಳಲ್ಲೇ ನಮಗೆ ತೀರ ಹತ್ತಿರದವುಗಳಲ್ಲಿ ಒಂದು. ವಯಸ್ಸು ಎಂಬತ್ತು ಲಕ್ಷದಿಂದ ಒಂದು ಕೋಟಿ ವರ್ಷ. ಈ ಪ್ರಾಯಕ್ಕೆ ಹೆಚ್ಚಿನ ನಕ್ಷತ್ರಗಳ ತಟ್ಟೆ ಕರಗಿ ಹೋಗಿರುತ್ತದೆ, ಇದರದ್ದು ಇನ್ನೂ ಉಳಿದಿದೆ, ಅನಿಲ ಇನ್ನೂ ಬೀಳುತ್ತಿದೆ. ಇದರ ತಟ್ಟೆ ನಮಗೆ ಪೂರ್ತಿ ಮುಖ ಮಾಡಿ ನಿಂತಿದೆ, ಓರೆ ಏಳು ಡಿಗ್ರಿಯಷ್ಟೇ. ಹಾಗಾಗಿ ನಕ್ಷತ್ರದ ಒಂದು ಧ್ರುವ, ಅನಿಲ ಸುರಿಯುವ ಆ ಜಾಗ, ಸದಾ ನಮ್ಮ ಕಣ್ಣ ಮುಂದೆಯೇ ಇರುತ್ತದೆ.

ಜೋಯಲ್ ಕ್ಯಾಸ್ಟ್‌ನರ್ ಮತ್ತು ಸಂಗಡಿಗರು ಚಂದ್ರಾ ಎಕ್ಸ್ ಕಿರಣ ವೀಕ್ಷಣಾಲಯವನ್ನು ಇದರ ಕಡೆಗೆ ತಿರುಗಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. 1999ರಲ್ಲಿ ಹಾರಿದ ಈ ವೀಕ್ಷಣಾಲಯಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿಟ್ಟಿರುವುದು ನಿಮಗೆಲ್ಲ ಗೊತ್ತು. ಕ್ಯಾಸ್ಟ್‌ನರ್ ತಂಡ ಹುಡುಕಿದ್ದು ನಿಯಾನ್ ಧಾತುವಿನ ಮೂರು ರೇಖೆಗಳನ್ನು. ನಿಯಾನಿನ ಹತ್ತು ಎಲೆಕ್ಟ್ರಾನುಗಳಲ್ಲಿ ಎಂಟು ಕಳಚಿ ಎರಡೇ ಉಳಿದಾಗ ಆ ಅಯಾನು 13.45, 13.55 ಮತ್ತು 13.70 ಆಂಗ್‌ಸ್ಟ್ರಾಮ್ ತರಂಗಾಂತರಗಳಲ್ಲಿ ಎಕ್ಸ್ ಕಿರಣ ಸೂಸುತ್ತದೆ. ಈ ಮೂರರಲ್ಲಿ ಕೊನೆಯದರ ಸ್ವಭಾವವೇ ಬೇರೆ. ಅದನ್ನು ಸೂಸಬೇಕಾದರೆ ಅಯಾನು ಉದ್ರಿಕ್ತ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಕಾಯಬೇಕು. ಸುತ್ತ ಅನಿಲ ವಿರಳವಾಗಿದ್ದರೆ ಕಾಯಲು ಬಿಡುವು ಸಿಗುತ್ತದೆ, ಮೂರನೆಯ ರೇಖೆ ಪ್ರಖರವಾಗಿ ಕಾಣುತ್ತದೆ. ಅನಿಲ ದಟ್ಟವಾಗಿದ್ದರೆ ಕಾಯುತ್ತಿರುವಾಗಲೇ ಒಂದು ಎಲೆಕ್ಟ್ರಾನು ಬಂದು ಡಿಕ್ಕಿ ಹೊಡೆದು ಅದನ್ನು ಪಕ್ಕದ ಶಕ್ತಿಮಟ್ಟಕ್ಕೆ ತಳ್ಳುತ್ತದೆ. ಆಗ ನಡುವಿನ ರೇಖೆ ಬೆಳೆಯುತ್ತದೆ, ಮೂರನೆಯದು ಮಂಕಾಗುತ್ತದೆ. ಈ ಎರಡು ರೇಖೆಗಳ ಅನುಪಾತ ನೋಡಿದರೆ ಸಾಂದ್ರತೆ ಗೊತ್ತಾಗುತ್ತದೆ. 1969ರಲ್ಲಿ ಗೇಬ್ರಿಯಲ್ ಮತ್ತು ಜೋರ್ಡನ್ ಸೂರ್ಯನಿಗಾಗಿ ಕಂಡುಕೊಂಡ ಉಪಾಯ ಇದು. 196 ಜ್ಯೋತಿರ್ವರ್ಷ ದೂರದ ಪ್ಲಾಸ್ಮಾದಲ್ಲಿ ಒಂದು ಘನ ಸೆಂಟಿಮೀಟರಿಗೆ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಮೂರು ಗೆರೆಗಳನ್ನು ನೋಡಿ ಹೇಳಬಹುದು. ಭೌತವಿಜ್ಞಾನ ಓದಿದ್ದಕ್ಕೆ ಸಾರ್ಥಕವೆನಿಸುವ ಸಂಗತಿಗಳಲ್ಲಿ ನನಗೆ ಇದೂ ಒಂದು.

ಸೂರ್ಯನ ಕರೋನಾದಂಥ ಜಾಗವಾಗಿದ್ದರೆ ಸಾಂದ್ರತೆ ಟಿಡಬ್ಲ್ಯು ಹೈಡ್ರೆಯಲ್ಲಿ ಕಂಡದ್ದರ ನೂರನೇ ಒಂದು ಭಾಗವೂ ಬರುತ್ತಿರಲಿಲ್ಲ. ಈ ನಕ್ಷತ್ರದಲ್ಲಿ ಘನ ಸೆಂಟಿಮೀಟರಿಗೆ ಲಕ್ಷ ಕೋಟಿಗಳ ಮಟ್ಟದ ಎಲೆಕ್ಟ್ರಾನುಗಳು ಕಂಡವು. ಉಷ್ಣತೆ ಸುಮಾರು 30 ಲಕ್ಷ ಕೆಲ್ವಿನ್. ಎಳೆಯ ನಕ್ಷತ್ರಗಳ ಕರೋನಾ ಇನ್ನೂ ಎಷ್ಟೋ ಬಿಸಿಯಾಗಿರುತ್ತದೆ, ಇಷ್ಟು ದಟ್ಟವಾಗಿರುವುದಿಲ್ಲ. ಸೆಕೆಂಡಿಗೆ ಸುಮಾರು 500 ಕಿಲೋಮೀಟರು ವೇಗದಲ್ಲಿ ಬಿದ್ದ ಅನಿಲದ ಆಘಾತಕ್ಕೆ ಎರಡೂ ಅಂಕಿಗಳು ಒಪ್ಪಿದವು.

2007ರಲ್ಲಿ ಚಂದ್ರಾ ಇದೇ ನಕ್ಷತ್ರವನ್ನು ಒಟ್ಟು 4,89,000 ಸೆಕೆಂಡು, ಅಂದರೆ ಐದೂವರೆ ದಿನಕ್ಕೂ ಹೆಚ್ಚು ಕಾಲ ನೋಡಿತು. ನ್ಯಾನ್ಸಿ ಬ್ರಿಕ್‌ಹೌಸ್ ಮತ್ತು ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನಿಯಾನ್ ಕೊಟ್ಟ ಸಾಂದ್ರತೆ ಘನ ಸೆಂಟಿಮೀಟರಿಗೆ ಮೂರು ಲಕ್ಷ ಕೋಟಿ, ಉಷ್ಣತೆ 25 ಲಕ್ಷ ಕೆಲ್ವಿನ್. ಮೆಗ್ನೀಸಿಯಂ ರೇಖೆಗಳೂ ಇದಕ್ಕೆ ಹತ್ತಿರದ ಸಾಂದ್ರತೆಯನ್ನೇ ಕೊಟ್ಟವು. ತೊಡಕು ಬಂದದ್ದು ಆಮ್ಲಜನಕದಲ್ಲಿ. ಆಘಾತದಲ್ಲಿ ಬಿಸಿಯಾದ ಅನಿಲ ಕೆಳಗೆ ಇಳಿಯುತ್ತ ತಣಿಯುತ್ತದೆ, ತಣಿದಂತೆ ದಟ್ಟವಾಗುತ್ತದೆ. ಆಮ್ಲಜನಕದ ರೇಖೆಗಳು ನಿಯಾನಿನವುಗಳಿಗಿಂತ ಕಡಿಮೆ ಉಷ್ಣತೆಯಲ್ಲಿ ಹುಟ್ಟುವುದರಿಂದ ಅವು ಹೆಚ್ಚು ದಟ್ಟ ಅನಿಲವನ್ನು ತೋರಿಸಬೇಕಿತ್ತು. ತೋರಿಸಿದ್ದು ಸುಮಾರು 60,000 ಕೋಟಿ, ಅಂದರೆ ನಿಯಾನಿನ ಐದನೇ ಒಂದು ಭಾಗ. ನೆಟ್ಟಗೆ ಬಿದ್ದು ನೆಟ್ಟಗೆ ತಣಿಯುವ ಸರಳ ಚಿತ್ರ ಇಲ್ಲಿ ಸೋತಿತು. ಆಘಾತದ ಶಕ್ತಿಯ ಒಂದು ಪಾಲು ಸುತ್ತಲಿನ ವಾತಾವರಣಕ್ಕೆ ಸೇರಿ, ಆಘಾತದ ಜಾಗಕ್ಕಿಂತ ಎಷ್ಟೋ ದೊಡ್ಡದಾದ, ವಿರಳವಾದ ಬಿಸಿ ಪ್ಲಾಸ್ಮಾವನ್ನು ಮೇಲೆಬ್ಬಿಸಿದೆ ಎಂದು ತಂಡ ತೀರ್ಮಾನಿಸಿತು. ಬಿದ್ದ ಅನಿಲ ನಕ್ಷತ್ರದ ಒಡಲಿಗೆ ಸದ್ದಿಲ್ಲದೆ ಸೇರುವುದಿಲ್ಲ. ಅದರ ಕರೋನಾವನ್ನೂ ಕೆಣಕುತ್ತದೆ. ಸಿದ್ಧಾಂತವನ್ನು ಎತ್ತಿಹಿಡಿದ ನಿಯಾನ್ ರೇಖೆಗಳಿಗಿಂತ ಅದನ್ನು ತಿದ್ದಿದ ಈ ಆಮ್ಲಜನಕದ ರೇಖೆಗಳೇ ಹೆಚ್ಚು ಬೆಲೆಯುಳ್ಳವು ಎಂದು ನನ್ನ ಅಭಿಪ್ರಾಯ.

ಧಾರೆ ಹೊರಡುವ ಜಾಗವನ್ನೂ ಈಗ ಅಳೆದಿದ್ದಾರೆ. ಚಿಲಿಯ ಪಾರನಾಲ್ ಬೆಟ್ಟದ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕನ್ನು ಕೂಡಿಸುವ ಗ್ರ್ಯಾವಿಟಿ ಉಪಕರಣ, ಟಿಡಬ್ಲ್ಯು ಹೈಡ್ರೆಯ ಹೈಡ್ರೋಜನ್ ರೇಖೆಯೊಂದು ನಕ್ಷತ್ರದ ತ್ರಿಜ್ಯದ ಸುಮಾರು ಮೂರೂವರೆ ಪಟ್ಟು ಅಳತೆಯ ಪ್ರದೇಶದಿಂದ ಬರುತ್ತಿದೆ ಎಂದು 2020ರಲ್ಲಿ ತೋರಿಸಿತು. ಅದು ಸುಮಾರು 30 ಲಕ್ಷ ಕಿಲೋಮೀಟರು. ಬೆಳಕು ತಟ್ಟೆಯ ಗಾಳಿಯಿಂದ ಬಂದಿದ್ದರೆ ಪ್ರದೇಶ ಇದಕ್ಕಿಂತ ದೊಡ್ಡದಾಗಿರಬೇಕಿತ್ತು. ಮರುವರ್ಷ ಕ್ಯಾಥರೀನ್ ಎಸ್ಪೈಯಾ ಮತ್ತು ಸಂಗಡಿಗರು ಜಿಎಂ ಆರಿಗೆ ಎಂಬ ಇನ್ನೊಂದು ಎಳೆಯ ನಕ್ಷತ್ರದಲ್ಲಿ, ಅನಿಲ ಬೀಳುವ ಬಿಸಿ ಮಚ್ಚೆಯ ನೇರಳಾತೀತ ಬೆಳಕು ಕಣ್ಣಿಗೆ ಕಾಣುವ ಬೆಳಕಿಗಿಂತ ಒಂದು ದಿನ ಮೊದಲೇ ಗರಿಷ್ಠ ಮುಟ್ಟುವುದನ್ನು ಕಂಡರು. ಮಚ್ಚೆಯ ಒಂದು ಕಡೆ ಅನಿಲ ದಟ್ಟ, ಇನ್ನೊಂದು ಕಡೆ ವಿರಳ ಎಂಬುದಕ್ಕೆ ಇದು ಪುರಾವೆ.

ಗ್ರಹಗಳ ಪಾಲಿನ ಮಾತು ಎತ್ತಿದ್ದೆ. ಟಿಡಬ್ಲ್ಯು ಹೈಡ್ರೆಯ ಎಕ್ಸ್ ಕಿರಣ ರೋಹಿತದಲ್ಲಿ ನಿಯಾನ್ ಧಾರಾಳವಾಗಿದೆ, ಕಬ್ಬಿಣ ತೀರ ಕಡಿಮೆ. ನಿಯಾನ್ ಜಡಾನಿಲ, ಅದು ಧೂಳಿನ ಕಣದಲ್ಲಿ ಸೇರಿಕೊಳ್ಳುವುದಿಲ್ಲ, ಅನಿಲದ ಜೊತೆಗೇ ನಕ್ಷತ್ರಕ್ಕೆ ಬರುತ್ತದೆ. ಕಬ್ಬಿಣ ಧೂಳಿನಲ್ಲಿ ಸೇರಿ ಗಟ್ಟಿಯಾಗುತ್ತದೆ. ಬೀಳುವ ಅನಿಲದಲ್ಲಿ ಅದು ಕಾಣೆಯಾಗಿದೆ ಎಂದರೆ ತಟ್ಟೆಯಲ್ಲೇ ದೊಡ್ಡ ಉಂಡೆಗಳಾಗಿ ಹಿಂದುಳಿದಿದೆ ಎಂದೇ ಹಲವರ ವಿವರಣೆ. ಈ ನಕ್ಷತ್ರದ ತಟ್ಟೆಯಲ್ಲಿ ಕನಿಷ್ಠ ಸೂರ್ಯನ ಶೇಕಡಾ 5ರಷ್ಟು ದ್ರವ್ಯ ಇದೆ ಎಂದು ಹರ್ಷೆಲ್ ಉಪಗ್ರಹದ ಅಳತೆ 2013ರಲ್ಲಿ ಹೇಳಿತು. 2016ರಲ್ಲಿ ಅಲ್ಮಾ ದೂರದರ್ಶಕಗಳು ತಟ್ಟೆಯ ಧೂಳಿನಲ್ಲಿ ಉಂಗುರಗಳನ್ನೂ, ಸೂರ್ಯನಿಂದ ಭೂಮಿ ಇರುವಷ್ಟೇ ದೂರದಲ್ಲಿ ಒಂದು ಕಪ್ಪು ಸೀಳನ್ನೂ ಚಿತ್ರಿಸಿದವು. ನಕ್ಷತ್ರಕ್ಕೆ ಸೇರುವ ಅನಿಲದ ರೋಹಿತವೂ ತಟ್ಟೆಯ ಚಿತ್ರವೂ ಒಂದೇ ಕಥೆಯ ಎರಡು ಸಾಕ್ಷಿಗಳು.

ಅನಿಲ ಸದಾ ಹೀಗೆ ಹದವಾಗಿಯೇ ಬೀಳುತ್ತದೆ ಎಂದುಕೊಳ್ಳಬೇಡಿ. ಮಹಾವ್ಯಾಧ ನಕ್ಷತ್ರಪುಂಜದ ಎಫ್‌ಯು ಓರಿಯಾನಿಸ್ ಎಂಬ ಮಂಕು ನಕ್ಷತ್ರ 1936–37ರಲ್ಲಿ ನೂರಾರು ಪಟ್ಟು ಪ್ರಖರವಾಯಿತು. ಆಮೇಲೆ ಬಹಳ ನಿಧಾನವಾಗಿ ಮಾತ್ರ ತಗ್ಗುತ್ತಿದೆ. ಅಲ್ಲಿ ಅನಿಲ ಬೀಳುವ ಪ್ರಮಾಣ ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಭೂಮಿಗಳಷ್ಟು ಎಂದು ಅಂದಾಜು. ಅಷ್ಟು ಒತ್ತಡದ ಮುಂದೆ ಕಾಂತಕ್ಷೇತ್ರ ನಿಲ್ಲಲಾರದು. ತಟ್ಟೆ ನಕ್ಷತ್ರದ ಮೈವರೆಗೂ ಬಂದು ತಾಗುತ್ತದೆ. ಸಾಮಾನ್ಯ ಟಿ ಟೌರಿ ನಕ್ಷತ್ರಗಳಲ್ಲಿ ಸೋತ 1974ರ ಸಿದ್ಧಾಂತಕ್ಕೆ ಇಲ್ಲಿ ತನ್ನ ಜಾಗ ಸಿಕ್ಕಿತು. 2008ರಲ್ಲಿ ಇಎಕ್ಸ್ ಲುಪಿ ಎಂಬ ನಕ್ಷತ್ರ ಹೀಗೆಯೇ, ಇದಕ್ಕಿಂತ ಚಿಕ್ಕ ಪ್ರಮಾಣದಲ್ಲಿ, ಭುಗಿಲೆದ್ದಾಗ ಅದರ ತಟ್ಟೆಯ ಧೂಳು ಕಾದು ಹರಳುಗಟ್ಟಿದ್ದನ್ನು ಸ್ಪಿಟ್ಸರ್ ದೂರದರ್ಶಕ ಕಂಡಿತು. ಅದೇ ಜಾತಿಯ ಹರಳುಗಳು ನಮ್ಮ ಸೌರಮಂಡಲದ ಧೂಮಕೇತುಗಳಲ್ಲಿವೆ.

ಈ ಕೆಲಸದಲ್ಲಿ ನಮ್ಮವರೂ ಇದ್ದಾರೆ. 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ವೀಕ್ಷಕ ಜೇ ಮೆಕ್‌ನೀಲ್ ತಮ್ಮ ಮನೆಯಂಗಳದ ಮೂರು ಅಂಗುಲದ ದೂರದರ್ಶಕದಿಂದ ಮಹಾವ್ಯಾಧದಲ್ಲಿ ಹೊಸದೊಂದು ನೀಹಾರಿಕೆ ಕಂಡರು. ಅದರ ಬುಡದಲ್ಲಿದ್ದ ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರ ಭುಗಿಲೆದ್ದು ಸುತ್ತಲಿನ ಧೂಳನ್ನು ಬೆಳಗಿಸಿತ್ತು. 2006ರ ಹೊತ್ತಿಗೆ ಅದು ಆರಿತು, 2008ರಲ್ಲಿ ಮತ್ತೆ ಎದ್ದಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರಾ ದೂರದರ್ಶಕವೂ ಸೇರಿದಂತೆ ಭಾರತದ ದೂರದರ್ಶಕಗಳಿಂದ ಅದನ್ನು ವರ್ಷಗಟ್ಟಲೆ ಹಿಂಬಾಲಿಸಿ 2006 ಮತ್ತು 2013ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಹಾನ್ಲೆಯ ಆ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು; ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುವುದು ಹೊಸಕೋಟೆಯಿಂದ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದೂ ಹೊಸಕೋಟೆಯಲ್ಲೇ.

ಕೊನೆಗೆ ಇಲ್ಲಿರುವ ಅಧ್ಯಾಪಕರಲ್ಲಿ ಒಂದು ವಿನಂತಿ. ಚಂದ್ರಾ ವೀಕ್ಷಣಾಲಯ ಟಿಡಬ್ಲ್ಯು ಹೈಡ್ರೆಯನ್ನು ನೋಡಿ ಸಂಗ್ರಹಿಸಿದ ದತ್ತಾಂಶವೆಲ್ಲ ಈಗ ಸಾರ್ವಜನಿಕ ಭಂಡಾರದಲ್ಲಿದೆ. ಅದನ್ನು ಬಿಡಿಸಿ ನೋಡುವ ತಂತ್ರಾಂಶವೂ ಉಚಿತ. ನಿಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಆ ಮೂರು ನಿಯಾನ್ ರೇಖೆಗಳನ್ನು ತಾವೇ ಬಿಡಿಸಿ, ಅನುಪಾತ ಕಂಡುಹಿಡಿದು, ಸಾಂದ್ರತೆ ಲೆಕ್ಕ ಹಾಕುವ ಯೋಜನೆಯನ್ನು ಕೊಡಿ. ಒಂದು ಗಣಕಯಂತ್ರ, ಅಂತರಜಾಲದ ಸಂಪರ್ಕ, ಜೊತೆಗೆ ಕೂತು ನೋಡುವ ಒಬ್ಬ ಅಧ್ಯಾಪಕ ಇದ್ದರೆ ಸಾಕು. ಮಾಡಿಸಿ ನೋಡಿ, ಏನು ಬಂತು ಎಂದು ನನಗೂ ತಿಳಿಸಿ.